ಬರದ ನಾಡಿನಲ್ಲಿ ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕುವುದೇಕೆ?

ಕಳೆದ ಮಳೆಗಾಲದ ಒಂದು ರಾತ್ರಿ ಹತ್ತೂವರೆಗೆ ವಿಜಯಪುರದಿಂದ ಕಾಕಾ ಫೋನ್ ಮಾಡಿದ್ದರು. ಹಿಂದೆ ಮಳೆಯ ಸದ್ದು, ಅದರ ಮೇಲೆ ಕಾಕಿಯ ಗದ್ದಲ. "ತಮ್ಮಾ, ಸಂಡಾಸ ಮತ್ತ ಗುಳು ಗುಳು ಅನ್ನಾಕತ್ತೈತಿ. ಉಸುಕಿನ ಚೀಲ ಇಟ್ಟೀವಿ. ನೀ ಇಂಜಿನಿಯರ್ ಓದಾವ, ಇದ್ಯಾಕ ಹಿಂಗಾಗತೈತಿ ಹೇಳಪಾ" ಅಂದರು.

ಉಸುಕಿನ ಚೀಲದ ಕಥೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಾಕಾನ ಮನೆ ಇರುವುದು ನಗರದ ಅಂಚಿನ ಒಂದು ತಗ್ಗು ಲೇಔಟಿನಲ್ಲಿ. ಜೋರು ಮಳೆ ಶುರುವಾಗಿ ಅರ್ಧ ತಾಸಿಗೆ ಬೀದಿಯ ಚೇಂಬರ್ ತುಂಬುತ್ತದೆ. ಆಮೇಲೆ ಮನೆಯಿಂದ ಹೊರಗೆ ಹೋಗಬೇಕಾದ ಕೊಳಚೆ ಅದೇ ಪೈಪಿನಲ್ಲಿ ತಿರುಗಿ ಮನೆಯೊಳಗೆ ಬರುತ್ತದೆ. ಮೊದಲು ಶೌಚಾಲಯದ ಗುಂಡಿಯಿಂದ, ನಂತರ ಬಚ್ಚಲಿನ ಜಾಲರಿಯಿಂದ. ಅದಕ್ಕೇ ಆ ಓಣಿಯಲ್ಲಿ ಸುಮಾರು ಮನೆಗಳಲ್ಲಿ ಗೋಣಿಚೀಲದಲ್ಲಿ ಉಸುಕು ತುಂಬಿ ಇಟ್ಟುಕೊಂಡಿರುತ್ತಾರೆ. ಮೋಡ ಕಟ್ಟಿದರೆ ಮಾಳಿಗೆ ಮೇಲಿನ ಬಟ್ಟೆ ತೆಗೆಯುವ ಹಾಗೆ, ಸಂಡಾಸದ ಮೇಲೆ ಚೀಲ ಇಡುವುದೂ ಒಂದು ಮನೆಗೆಲಸ.

ಇದು ನಡೆಯುತ್ತಿರುವುದು ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ. ಕರಾವಳಿಯಲ್ಲಿ ಇಷ್ಟು ಮಳೆ ಕೆಲವೇ ದಿನಗಳ ಲೆಕ್ಕ. ಹಾಗಿದ್ದ ಮೇಲೆ "ಭಾರೀ ಮಳೆ, ನಾವೇನು ಮಾಡೋಕಾಗುತ್ತೆ" ಅನ್ನುವ ಅಧಿಕಾರಿಗಳ ಮಾತನ್ನು ನಾವು ಎಷ್ಟು ನಂಬಬೇಕು?

ಎರಡು ಪೈಪುಗಳ ಕಥೆ

ನಗರದಲ್ಲಿ ನೀರು ಹೊರಹೋಗಲು ಎರಡು ದಾರಿ ಇರಬೇಕು. ಒಂದು, ನೆಲದಡಿಯ ಒಳಚರಂಡಿ, ಜನರ ಬಾಯಲ್ಲಿ ಯುಜಿಡಿ. ಇದರಲ್ಲಿ ಹೋಗಬೇಕಾದ್ದು ಶೌಚಾಲಯ, ಬಚ್ಚಲು, ಅಡುಗೆಮನೆಯ ನೀರು ಮಾತ್ರ. ಇನ್ನೊಂದು, ರಸ್ತೆ ಬದಿಯ ಮಳೆನೀರಿನ ಗಟಾರ. ಮೊದಲನೆಯದು ಶುದ್ಧೀಕರಣ ಘಟಕಕ್ಕೆ ಹೋಗಬೇಕು, ಎರಡನೆಯದು ಹಳ್ಳಕ್ಕೋ ಕೆರೆಗೋ ಸೇರಬೇಕು. ಭಾರತದಲ್ಲಿ ಹೊಸದಾಗಿ ಒಳಚರಂಡಿ ಹಾಕುವಾಗ ಈ ಎರಡನ್ನೂ ಬೇರೆ ಬೇರೆ ಇಡಬೇಕು ಅನ್ನುವುದು ಕೇಂದ್ರದ ವಿನ್ಯಾಸ ಕೈಪಿಡಿಯ ನಿಯಮ. ಕಾಗದದ ಮೇಲೆ ನಮ್ಮಲ್ಲೂ ಹಾಗೇ ಇದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಗಣಿತ ಅಂದರೆ ಓಡುವವರೂ ಎರಡು ನಿಮಿಷ ಕೂತು ಓದಿ, ಯಾಕೆಂದರೆ ಇಡೀ ಸಮಸ್ಯೆ ಇದರಲ್ಲೇ ಇದೆ.

ಐದು ಜನರ ಒಂದು ಮನೆ. ತಲೆಗೆ ದಿನಕ್ಕೆ 135 ಲೀಟರ್ ನೀರು ಅನ್ನುವುದು ನಗರಗಳಿಗೆ ಇರುವ ಮಾನದಂಡ. ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿಯುತ್ತಾರೆ. ಅಂದರೆ ಇಡೀ ಮನೆಯಿಂದ ದಿನಕ್ಕೆ 540 ಲೀಟರ್, ತಾಸಿಗೆ ಸರಾಸರಿ 22 ಲೀಟರ್. ಬೆಳಗಿನ ಹೊತ್ತು ಎಲ್ಲರೂ ಒಟ್ಟಿಗೆ ಸ್ನಾನ ಮಾಡುವ ಗದ್ದಲ ಇರುತ್ತದಲ್ಲ, ಅದಕ್ಕಾಗಿ ವಿಜಯಪುರದಷ್ಟು ದೊಡ್ಡ ಊರಿಗೆ ಈ ಸರಾಸರಿಯನ್ನು 2.25ರಿಂದ ಗುಣಿಸಿ ಪೈಪಿನ ಅಳತೆ ನಿರ್ಧರಿಸುತ್ತಾರೆ. ಅಲ್ಲಿಗೆ ಒಂದು ಮನೆಯ ಪಾಲು ತಾಸಿಗೆ 50 ಲೀಟರ್.

ಅದೇ ಮನೆಯ ಮಾಳಿಗೆ 1,000 ಚದರ ಅಡಿ ಅಂದುಕೊಳ್ಳಿ. ಒಂದು ತಾಸಿನಲ್ಲಿ 50 ಮಿ.ಮೀ. ಮಳೆ ಸುರಿದರೆ ಮಾಳಿಗೆ ಮೇಲೆ ಬೀಳುವ ನೀರು ಸುಮಾರು 4,600 ಲೀಟರ್. ಅಲ್ಲಿ ಇಲ್ಲಿ ಚೆಲ್ಲಿ ಹೋದರೂ 4,000 ಲೀಟರ್ ಪೈಪಿಗೆ ಬರುತ್ತದೆ. ಆ ಮಾಳಿಗೆ ಪೈಪನ್ನು ಯಾರಾದರೂ ಒಳಚರಂಡಿ ಚೇಂಬರಿಗೆ ಜೋಡಿಸಿದ್ದರೆ? ಒಂದು ವಾರದ ಕೊಳಚೆಯಷ್ಟು ನೀರು ಒಂದೇ ತಾಸಿನಲ್ಲಿ, 50 ಲೀಟರ್ ಪಾಲಿನ ಜಾಗಕ್ಕೆ ನುಗ್ಗುತ್ತದೆ. ಅದು 80 ಪಟ್ಟು.

ಎಲ್ಲ ಮನೆಯವರೂ ಹೀಗೆ ಮಾಡಬೇಕೆಂದಿಲ್ಲ. ಹತ್ತು ಮನೆಯಲ್ಲಿ ಒಬ್ಬರು ಮಾಡಿದರೆ ಸಾಕು. ಹತ್ತು ಮನೆಯ ಪಾಲು 500 ಲೀಟರ್ ಇರುವ ಕಡೆ 4,500 ಲೀಟರ್ ಹರಿಯಬೇಕಾಗುತ್ತದೆ, ಒಂಬತ್ತು ಪಟ್ಟು. ಪೈಪನ್ನು 30 ವರ್ಷ ಮುಂದಿನ ಜನಸಂಖ್ಯೆಗೆ ಲೆಕ್ಕ ಹಾಕಿ ಹಾಕಿರುತ್ತಾರೆ, ಸ್ವಲ್ಪ ಖಾಲಿ ಜಾಗ ಇರುತ್ತದೆ, ನಿಜ. ಆದರೆ ಒಂಬತ್ತು ಪಟ್ಟು ಖಾಲಿ ಜಾಗ ಯಾವ ಪೈಪಿನಲ್ಲೂ ಇರುವುದಿಲ್ಲ. ಅದು ಎಲ್ಲಿ ತಗ್ಗಿದೆಯೋ ಅಲ್ಲಿ ಉಕ್ಕುತ್ತದೆ. ತಗ್ಗಿನಲ್ಲಿ ಸೈಟು ತೆಗೆದುಕೊಂಡವರು ಯಾರು? ಎತ್ತರದ ಸೈಟಿಗೆ ದುಡ್ಡು ಸಾಲದವರು.

ಕಳ್ಳ ಯಾರು ಅಂದರೆ...

ಮಳೆನೀರು ಒಳಚರಂಡಿಗೆ ಸೇರಲು ಬೇರೆ ದಾರಿಗಳೂ ಇವೆ. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಯಾರೋ ಹಾರೆ ತಂದು ಚೇಂಬರಿನ ಮುಚ್ಚಳ ಎತ್ತಿಬಿಡುತ್ತಾರೆ. ನೀರು ಸರ್ರನೆ ಇಳಿಯುತ್ತದೆ, ಓಣಿಯವರಿಗೆ ಖುಷಿ. ಅರ್ಧ ಕಿಲೋಮೀಟರ್ ಆಚೆ ಇನ್ನೊಂದು ಓಣಿಯಲ್ಲಿ ಅದೇ ನೀರು ಕೊಳಚೆಯ ಜೊತೆ ಮೇಲೆ ಬರುತ್ತದೆ. ಜೊತೆಗೆ ತೆರೆದ ಚೇಂಬರಿಗೆ ಮಣ್ಣು, ಪ್ಲಾಸ್ಟಿಕ್, ಕಲ್ಲು ಎಲ್ಲ ಬೀಳುತ್ತದೆ. ಮಳೆ ನಿಂತ ಮೇಲೆ ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಮುಂದಿನ ಮಳೆಗೆ ಪೈಪು ಇನ್ನಷ್ಟು ಸಣ್ಣದು.

ನಮ್ಮ ಕಡೆಯ ಎರಿ ಮಣ್ಣಿನದ್ದೂ ಒಂದು ಪಾತ್ರವಿದೆ. ಎರಿಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ವರ್ಷಕ್ಕೊಮ್ಮೆ ಹೀಗೆ ಉಸಿರಾಡುವ ನೆಲದಲ್ಲಿ ಹೂತ ಪೈಪಿನ ಜೋಡಣೆಗಳು ಸುಮ್ಮನೆ ಕೂರುವುದಿಲ್ಲ. ಅಡಿಯಲ್ಲಿ ಸರಿಯಾದ ಹಾಸು ಹಾಕದೆ ಮಣ್ಣು ಮುಚ್ಚಿ ಬಿಲ್ ಎತ್ತಿದ ಕಡೆಯಲ್ಲಂತೂ ಕೇಳಲೇಬೇಡಿ. ಜೋಡಣೆ ಬಿಟ್ಟುಕೊಂಡಲ್ಲಿ ಮಳೆಗಾಲದಲ್ಲಿ ನೆಲದ ನೀರು ಪೈಪಿನೊಳಗೆ, ಬೇಸಿಗೆಯಲ್ಲಿ ಪೈಪಿನ ಕೊಳಚೆ ನೆಲದೊಳಗೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ. ಕಾಕಾನ ಮನೆ ಕಟ್ಟುವಾಗ ನಾನು ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲೇ ಇದ್ದೆ. ಮಾಳಿಗೆ ನೀರಿನ ಪೈಪು ಎಲ್ಲಿಗೆ ಬಿಡೋದು ಅಂತ ಪ್ಲಂಬರ್ ಕೇಳಿದಾಗ ಮನೆ ಮುಂದೆ ಗಟಾರ ಇರಲಿಲ್ಲ. ಲೇಔಟ್ ಮಾಡಿದವರು ನಕ್ಷೆಯಲ್ಲಿ ತೋರಿಸಿದ್ದ ಗಟಾರ ನಕ್ಷೆಯಲ್ಲೇ ಉಳಿದಿತ್ತು. ರಸ್ತೆಗೆ ಬಿಟ್ಟರೆ ಎದುರು ಮನೆಯವರು ಜಗಳಕ್ಕೆ ಬರುತ್ತಾರೆ. "ಚೇಂಬರಿಗೇ ಕೊಟ್ಟುಬಿಡೂಣ್ರಿ, ಎಲ್ಲಾರೂ ಹಂಗ ಮಾಡ್ತಾರ" ಅಂದ ಪ್ಲಂಬರ್. ನಾನು ಪಕ್ಕದಲ್ಲೇ ನಿಂತಿದ್ದೆ. ನಾಲ್ಕು ವರ್ಷ ಓದಿದವನು ಒಂದು ಮಾತು ಆಡಲಿಲ್ಲ. ಈಗ ಮಳೆ ಬಂದಾಗ ಸಂಡಾಸದಿಂದ ಮೇಲೆ ಬರುವ ನೀರಿನಲ್ಲಿ ನಮ್ಮ ಮಾಳಿಗೆಯ ಪಾಲೂ ಇದೆ.

ಇದನ್ನು ಯಾಕೆ ಹೇಳಿದೆ ಅಂದರೆ, "ಜನರೇ ಸರಿಯಿಲ್ಲ" ಅನ್ನುವುದು ಅಧಿಕಾರಿಗಳ ಅಚ್ಚುಮೆಚ್ಚಿನ ಉತ್ತರ. ಜನ ತಪ್ಪು ಮಾಡಿದ್ದಾರೆ, ನಾನೂ ಮಾಡಿದ್ದೇನೆ. ಆದರೆ ಗಟಾರವೇ ಇಲ್ಲದ ಓಣಿಯಲ್ಲಿ ಮಳೆನೀರು ಎಲ್ಲಿಗೆ ಬಿಡಬೇಕಿತ್ತು ಅನ್ನುವ ಪ್ರಶ್ನೆಗೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.

ಗಂಜ್, ಬಾವಡಿ, ಖಂದಕ

ವಿಜಯಪುರ ಯಾವ ದೊಡ್ಡ ನದಿಯ ದಂಡೆಯ ಮೇಲೂ ಇಲ್ಲ. ಕೃಷ್ಣೆ ಮತ್ತು ಭೀಮೆಯ ನಡುವಿನ ಎತ್ತರದ ನೆಲದ ಮೇಲೆ ಕೂತ ಊರು. ಆದಿಲಶಾಹಿಗಳಿಗೆ ಇದು ಗೊತ್ತಿತ್ತು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಅದೇ ಕರೇಜ್, ಜನ ಸುರಂಗ ಬಾವಡಿ ಅನ್ನುತ್ತಾರೆ. 1651ರಲ್ಲಿ ಮುಹಮ್ಮದ್ ಆದಿಲಶಾಹನ ಕಾಲಕ್ಕೆ ಬೇಗಂ ತಾಲಾಬ್ ಆಯಿತು. ತಾಜ್ ಬಾವಡಿ, ಚಾಂದ್ ಬಾವಡಿಗಳು ಊರೊಳಗೆ ನೀರು ಹಿಡಿದಿಟ್ಟವು.

ಇಂಜಿನಿಯರ್ ಕಣ್ಣಿಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸುವುದು ಗಂಜ್‌ಗಳು. ಊರಿನ ಅಲ್ಲಲ್ಲಿ ಈಗಲೂ ನಿಂತಿರುವ ಕಲ್ಲಿನ ಗೋಪುರಗಳು. ಪೈಪಿನಲ್ಲಿ ಬರುವ ನೀರಿನ ಒತ್ತಡ ಜಾಸ್ತಿಯಾಗಿ ಪೈಪು ಒಡೆಯದಿರಲಿ, ಕೆಸರು ಅಲ್ಲೇ ತಳಕ್ಕೆ ಕೂರಲಿ ಎಂದು ದಾರಿಯ ನಡುವೆ ಕಟ್ಟಿದವು. ನೀರು ಏರಿದರೆ ಏರಲು ಒಂದು ಜಾಗ ಬೇಕು ಅನ್ನುವ ಸರಳ ತಿಳಿವಳಿಕೆ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಆ ನೀರು ಮೊದಲು ಅರಮನೆಗೆ ಹೋಗುತ್ತಿತ್ತು, ಆಗಿನ ಕೇರಿಗಳ ಹೊಲಸು ಎತ್ತಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಆದರೆ ಇವತ್ತಿನ ನಮ್ಮ ಒಳಚರಂಡಿಯಲ್ಲಿ "ಏರಲು ಒಂದು ಜಾಗ" ಎಲ್ಲಿದೆ? ನಮ್ಮ ಗಂಜ್ ಅಂದರೆ ಕಾಕಾನ ಸಂಡಾಸ.

ಕೋಟೆಯ ಸುತ್ತ ಇರುವ ಖಂದಕ ಊರಿನ ದೊಡ್ಡ ನೀರು ಹಿಡಿಯುವ ಜಾಗವಾಗಬಹುದಿತ್ತು. ಅದರ ಎಷ್ಟೋ ಭಾಗ ಇವತ್ತು ಕೊಳಚೆ, ಕಸ, ಒತ್ತುವರಿ. ಬಾವಡಿಗಳಲ್ಲಿ ಕೆಲವನ್ನು ಕಳೆದ ದಶಕದಲ್ಲಿ ಹೂಳೆತ್ತಿ ಶುಚಿ ಮಾಡಿದ್ದು ಒಳ್ಳೆಯ ಕೆಲಸ. ಆದರೆ ಬಾವಡಿಯ ಹೂಳು ತೆಗೆದು, ಬಾವಡಿಗೆ ಮಳೆನೀರು ಬರುವ ದಾರಿ ಮುಚ್ಚಿ, ಕೊಳಚೆ ಬರುವ ದಾರಿ ತೆರೆದಿಟ್ಟರೆ ಮತ್ತೆ ಹೂಳೆತ್ತುವ ಟೆಂಡರ್ ಅಷ್ಟೇ.

ತಿಕೋಟಾ, ಬಬಲೇಶ್ವರ: ಬೇರೆ ಊರು, ಬೇರೆ ರೋಗ

ನಗರದಿಂದ ಒಂದು ಬಸ್ಸಿನ ದೂರದಲ್ಲಿರುವ ತಿಕೋಟಾ ಮತ್ತು ಬಬಲೇಶ್ವರ 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ತಾಲ್ಲೂಕು ಆಯಿತು ಅಂದರೆ ಕಚೇರಿ ಬಂತು, ಕಚೇರಿ ಹಿಂದೆ ಬಾಡಿಗೆ ಮನೆ, ಹೋಟೆಲ್, ಬ್ಯಾಂಕ್, ಸೈಟುಗಳು ಬಂದವು. ತುಬಚಿ–ಬಬಲೇಶ್ವರ ಏತ ನೀರಾವರಿ ಬಂತು, ದ್ರಾಕ್ಷಿ ತೋಟ ಹೆಚ್ಚಿದವು, ಕೈಯಲ್ಲಿ ನಾಲ್ಕು ಕಾಸು ಆಡಿತು. ಮನೆಮನೆಗೆ ಶೌಚಾಲಯವೂ ಆಯಿತು. ಹೊರಹೋಗುವ ನೀರಿನ ಲೆಕ್ಕ ಮಾತ್ರ ಯಾರೂ ಇಡಲಿಲ್ಲ.

ಇಂಥ ಊರುಗಳಲ್ಲಿ ಮುಖ್ಯ ಪಾತ್ರ ಗುಂಡಿಯದ್ದು. ಶೌಚಾಲಯದ ಗುಂಡಿಯ ನೀರನ್ನು ನೆಲ ಹೀರಿಕೊಳ್ಳಬೇಕು. ಎರಿ ಮಣ್ಣು ಒಣಗಿದ್ದಾಗ ಬಿರುಕಿನ ಮೂಲಕ ಹೀರಿದ ಹಾಗೆ ಕಾಣುತ್ತದೆ. ನಾಲ್ಕು ಮಳೆ ಬಿದ್ದರೆ ಬಿರುಕು ಮುಚ್ಚಿ ನೆಲ ಗಟ್ಟಿ ಹಿಟ್ಟಿನ ಹಾಗೆ ಆಗುತ್ತದೆ, ಹನಿ ನೀರೂ ಇಳಿಯುವುದಿಲ್ಲ. ಆಗ ಗುಂಡಿ ತುಂಬಿ ಹೊರಗೆ ಹರಿಯುತ್ತದೆ, ಇಲ್ಲವೇ ಸಕ್ಕಿಂಗ್ ಗಾಡಿ ಕರೆಸಬೇಕು. ಆ ಗಾಡಿ ಎತ್ತಿದ ಹೊಲಸನ್ನು ಎಲ್ಲಿ ಸುರಿಯುತ್ತದೆ? ಹತ್ತಿರದಲ್ಲಿ ಶುದ್ಧೀಕರಣ ಘಟಕ ಇಲ್ಲದ ಕಡೆ ಉತ್ತರ ಎಲ್ಲರಿಗೂ ಗೊತ್ತು: ಕತ್ತಲಾದ ಮೇಲೆ ಯಾವುದಾದರೂ ಹಳ್ಳ.

ಈ ಭಾಗದ ಹಳ್ಳಗಳ ನೀರು ಡೋಣಿಗೆ ಸೇರುತ್ತದೆ. ಮಹಾರಾಷ್ಟ್ರದ ಜತ್ ಕಡೆ ಹುಟ್ಟಿ, ನಮ್ಮ ಜಿಲ್ಲೆ ದಾಟಿ ಕೃಷ್ಣೆಗೆ ಸೇರುವ ಉಪ್ಪು ನೀರಿನ ಹೊಳೆ ಅದು. "ಡೋಣಿ ಬೆಳೆದರೆ ಓಣಿಯೆಲ್ಲಾ ಕಾಳು" ಅನ್ನುವುದು ನಮ್ಮ ಹಿರಿಯರ ಮಾತು. ಬಿಳಿಜೋಳದ ಆ ಕಣಜಕ್ಕೆ ಈಗ ಹೂಳು ತುಂಬಿದ ಪಾತ್ರ, ಜಾಲಿ ಕಂಟಿ. ಆಳ ಕಳೆದುಕೊಂಡ ಹೊಳೆ ಜೋರು ಮಳೆಗೆ ಅಗಲವಾಗುತ್ತದೆ, ಹೊಲಕ್ಕೆ ನುಗ್ಗುತ್ತದೆ, ಸೇತುವೆ ಮುಳುಗುತ್ತದೆ. ತಾಳಿಕೋಟೆ ಹತ್ತಿರದ ಹಡಗಿನಾಳ ಸೇತುವೆ ಮುಳುಗುವ ಸುದ್ದಿ ನೀವೂ ಓದಿರುತ್ತೀರಿ. ಮೇಲೆ ಗಾಡಿಯವನು ಸುರಿದ ಹೊಲಸು ಕೆಳಗಿನ ರೈತನ ಹೊಲಕ್ಕೆ, ಕೊಳವೆ ಬಾವಿಗೆ ಬರಲು ಒಂದು ಮಳೆ ಸಾಕು.

ಇಲ್ಲಿ ನಗರದ ಮಾದರಿಯ ಯುಜಿಡಿ ತರುತ್ತೇವೆ ಎಂದು ಭಾಷಣ ಮಾಡುವುದು ಸುಲಭ. ಆದರೆ ಸಣ್ಣ ಊರಿಗೆ ಅದು ಬೇಕೇ ಬೇಕು ಅಂತಿಲ್ಲ. ನಮ್ಮದೇ ರಾಜ್ಯದ ದೇವನಹಳ್ಳಿಯಲ್ಲಿ 2015ರಿಂದ ಗುಂಡಿಗಳ ಹೊಲಸನ್ನು ಗಾಡಿಯಲ್ಲಿ ತಂದು ಶುದ್ಧೀಕರಿಸಿ ಗೊಬ್ಬರ ಮಾಡುವ ಸಣ್ಣ ಘಟಕ ಇದೆ. ದಿನಕ್ಕೆ ಸುಮಾರು 6,000 ಲೀಟರ್ ಸಾಮರ್ಥ್ಯ. ದೇಶಕ್ಕೇ ಮಾದರಿಯಾದದ್ದು ಅದು. ತಿಕೋಟಾ, ಬಬಲೇಶ್ವರ ಎರಡೂ ಸೇರಿ ಇಂಥದೊಂದು ಘಟಕ ಕಟ್ಟಿಕೊಳ್ಳಬಾರದೇಕೆ? 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ಹಣ. ಅದರಲ್ಲಿ ಸಿಸಿ ರಸ್ತೆ ಪಕ್ಕದ ಗಟಾರಕ್ಕೆ ಎಷ್ಟು ಹೋಯಿತು, ಆ ಗಟಾರದ ಕೊನೆ ಎಲ್ಲಿದೆ ಅಂತ ನಿಮ್ಮೂರಲ್ಲಿ ಒಮ್ಮೆ ನಡೆದುಕೊಂಡು ಹೋಗಿ ನೋಡಿ. ಬಹಳ ಗಟಾರಗಳು ಊರು ಮುಗಿದಲ್ಲಿ ಮುಗಿಯುತ್ತವೆ.

ಭಗೀರಥರಿದ್ದಾರೆ, ಜಟೆ ಎಲ್ಲಿ?

ನಮ್ಮ ಜಿಲ್ಲೆಯ ರಾಜಕಾರಣ ನೀರಿನ ರಾಜಕಾರಣ. ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲ 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದಾಗ ಕೆರೆ ತುಂಬಿಸುವ ಯೋಜನೆಗಳು ನಡೆದವು. ಬತ್ತಿದ ಕೆರೆಗಳಲ್ಲಿ ನೀರು ಕಂಡ ಜನ ಅವರನ್ನು ಭಗೀರಥ ಎಂದರು. ಬರ ನೋಡಿ ಗುಳೇ ಹೋದವರ ಮಕ್ಕಳು ನಾವು, ಆ ಸಂತೋಷವನ್ನು ಯಾರೂ ಹಗುರ ಮಾಡಬಾರದು. ನಾನೂ ಮಾಡುವುದಿಲ್ಲ.

ಆದರೆ ಭಗೀರಥನ ಕಥೆಯಲ್ಲಿ ಇನ್ನೊಂದು ಭಾಗ ಇದೆಯಲ್ಲ. ಗಂಗೆ ನೇರ ಬಿದ್ದರೆ ಭೂಮಿ ತಡೆಯುವುದಿಲ್ಲ, ಜಟೆಯಲ್ಲಿ ಹಿಡಿದು ಮೆಲ್ಲಗೆ ಬಿಡುವವನು ಬೇಕು. ತರುವ ಕೆಲಸಕ್ಕೆ ಫಲಕ ಇದೆ, ಬಾಗಿನ ಇದೆ, ಡ್ರೋನ್ ವಿಡಿಯೊ ಇದೆ. ಹಿಡಿದು ಬಿಡುವ ಕೆಲಸಕ್ಕೆ ಏನಿದೆ? ಚೇಂಬರ್ ಉಕ್ಕಲಿಲ್ಲ ಅಂತ ಯಾರೂ ಬಾಗಿನ ಅರ್ಪಿಸುವುದಿಲ್ಲ. ಆಗದೇ ಇದ್ದ ಅನಾಹುತಕ್ಕೆ ವೋಟಿಲ್ಲ.

ಇನ್ನು ಜವಾಬ್ದಾರಿ ಯಾರದು? ಒಳಚರಂಡಿ ಕಟ್ಟುವುದು ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿದ ಮೇಲೆ ನಡೆಸಬೇಕಾದ್ದು ಮಹಾನಗರ ಪಾಲಿಕೆ. ಹೊಸ ಲೇಔಟಿಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಹೆದ್ದಾರಿ ಬದಿಯ ಗಟಾರ ಹೆದ್ದಾರಿಯವರದು. ಸ್ಮಾರಕಗಳು ಪುರಾತತ್ವ ಇಲಾಖೆಯವು. ನಗರ ದಾಟಿದರೆ ಪಂಚಾಯಿತಿ. ನೀರು ಮಾತ್ರ ಯಾರ ಗಡಿಯನ್ನೂ ಕೇಳದೆ ಎತ್ತರದಿಂದ ತಗ್ಗಿಗೆ ಹೋಗುತ್ತದೆ. ಮಳೆ ಬಂದ ರಾತ್ರಿ ಕಾಕಾ ಫೋನ್ ಮಾಡಿದರೆ ಎಲ್ಲ ಕಚೇರಿಯವರೂ ನಿಜವನ್ನೇ ಹೇಳುತ್ತಾರೆ: "ಅದು ನಮ್ಮದಲ್ಲ ರೀ."

ಇದನ್ನೆಲ್ಲ ಒಂದು ಮೇಜಿನ ಮೇಲೆ ತರಬೇಕಾದ್ದು ಚುನಾಯಿತ ಪಾಲಿಕೆ. ವಿಜಯಪುರದಲ್ಲಿ 35 ವಾರ್ಡುಗಳಿಗೆ 2022ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಿತು. ಮೇಯರ್ ಆಯ್ಕೆಯಾಗಲು 2024ರ ಜನವರಿ ಬರಬೇಕಾಯಿತು. ನಡುವೆ ಒಂದು ಇಡೀ ಮಳೆಗಾಲ ಕಳೆಯಿತು. ಅಷ್ಟು ದಿನ ಪಾಲಿಕೆಗೆ ಯಜಮಾನರಿಲ್ಲ ಎಂದು ಯಾವ ಪಕ್ಷವೂ ಬೀದಿಗೆ ಬಂದದ್ದು ನನಗೆ ನೆನಪಿಲ್ಲ. ಇದೇ ಊರಿನಲ್ಲಿ ಬೇರೆ ವಿಷಯಗಳಿಗೆ ಬಂದ್ ಎಷ್ಟು ಬೇಗ ಆಗುತ್ತದೆ ನಿಮಗೆ ಗೊತ್ತು.

ಕೆಳಗಿಳಿಯುವವರು, ಮೇಲೆ ಕುಡಿಯುವವರು

ಚೇಂಬರ್ ಕಟ್ಟಿಕೊಂಡರೆ ಯಾರನ್ನು ಕರೆಯುತ್ತಾರೆ? ಮಳೆಯ ಮರುದಿನ ಜನರ ಸಿಟ್ಟು ಹೆಚ್ಚಿದಷ್ಟೂ ಒಬ್ಬ ಮನುಷ್ಯನನ್ನು ಕೆಳಗಿಳಿಸುವ ಒತ್ತಡವೂ ಹೆಚ್ಚುತ್ತದೆ. 2013ರ ಕಾನೂನು ಇದನ್ನು ನಿಷೇಧಿಸಿದೆ. ಸುಪ್ರೀಂ ಕೋರ್ಟ್ 2014ರಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದಿತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರುತ್ತಿದೆ ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ. ಇಳಿಯುವವರ ಜಾತಿ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆನೀರನ್ನು ಚೇಂಬರಿಗೆ ಬಿಡುವ ಪ್ರತಿ ಮಾಳಿಗೆ ಪೈಪಿನ ಇನ್ನೊಂದು ತುದಿಯಲ್ಲಿ ಆ ಮನುಷ್ಯ ಇದ್ದಾನೆ. ನನ್ನ ತಪ್ಪೊಪ್ಪಿಗೆಯ ಭಾರ ಇರುವುದು ಇಲ್ಲೇ.

ಇನ್ನೊಂದು ಅಪಾಯ ಕುಡಿಯುವ ನೀರಿನದು. ನಮ್ಮ ಊರುಗಳಲ್ಲಿ ನಲ್ಲಿಯ ಪೈಪು ಗಟಾರದ ಪಕ್ಕದಲ್ಲೇ, ಎಷ್ಟೋ ಕಡೆ ಗಟಾರದೊಳಗೇ ಹಾಯುತ್ತದೆ. ಸರಬರಾಜು ನಿಂತ ಹೊತ್ತಿನಲ್ಲಿ ಪೈಪು ಖಾಲಿಯಾಗಿ ಒಳಗಿನ ಒತ್ತಡ ಇಳಿಯುತ್ತದೆ. ಸೋರುವ ಜೋಡಣೆ ಹೊರಗಿನ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹೊರಗೆ ನಿಂತಿರುವುದು ಉಕ್ಕಿದ ಕೊಳಚೆಯಾದರೆ? 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ: ಕಲುಷಿತ ನೀರು ಕುಡಿದು ಜನ ಸತ್ತ ಊರುಗಳಿವು. ಅಲ್ಲಿನ ಕಾರಣಗಳು ಬೇರೆ ಬೇರೆ ಇರಬಹುದು. ಆದರೆ ನಲ್ಲಿ ನೀರು ಮತ್ತು ಹೊಲಸು ಬೆರೆತರೆ ಏನಾಗುತ್ತದೆ ಅನ್ನುವುದಕ್ಕೆ ನಾವು ದೂರ ಹೋಗಬೇಕಿಲ್ಲ.

ಶುದ್ಧೀಕರಣ ಘಟಕದ ಕಥೆಯೂ ಇದೇ. ಅಲ್ಲಿ ಕೊಳಚೆ ತಿನ್ನುವುದು ಸೂಕ್ಷ್ಮಜೀವಿಗಳು. ಒಮ್ಮೆಲೇ ಮಳೆನೀರು ನುಗ್ಗಿದರೆ ಅವೇ ಕೊಚ್ಚಿಹೋಗುತ್ತವೆ, ಮತ್ತೆ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಜೋರು ಮಳೆಯಲ್ಲಿ ಕರೆಂಟೂ ಹೋಗುತ್ತದೆ. ಪಂಪು ನಿಂತರೆ ಕೊಳಚೆ ಹಿಂದಕ್ಕೆ ಏರುತ್ತದೆ.

ಲಂಡನ್ ಬೇಡ, ಹಾರೆ ಸಾಕು

ಲಂಡನ್ನಿನವರು 1858ರ ಮಹಾ ದುರ್ನಾತದ ನಂತರ ಕಟ್ಟಿದ ಒಳಚರಂಡಿಯಲ್ಲಿ ಮಳೆ ಮತ್ತು ಕೊಳಚೆ ಒಂದೇ ಪೈಪಿನಲ್ಲಿ ಹೋಗುತ್ತದೆ. ಮಳೆ ಬಂದರೆ ಥೇಮ್ಸ್ ನದಿಗೆ ಉಕ್ಕುತ್ತಿತ್ತು. ಅದನ್ನು ತಡೆಯಲು 25 ಕಿ.ಮೀ. ಉದ್ದದ ಸುರಂಗ ಕೊರೆದು, 2025ರಲ್ಲಿ ಪೂರ್ತಿ ಜೋಡಿಸಿದರು. ಅವರದು ಹಳೆಯ ವಿನ್ಯಾಸದ ದಂಡ. ನಮ್ಮದು ಹಾಗಲ್ಲ. ನಮ್ಮ ಪೈಪುಗಳು ನಕ್ಷೆಯಲ್ಲಿ ಬೇರೆಯೇ ಇವೆ, ನೆಲದ ಮೇಲೆ ನಾವೇ ಬೆರೆಸಿದ್ದೇವೆ. ಬೆರೆಸಿದ್ದನ್ನು ಬಿಡಿಸಲು ಸುರಂಗ ಬೇಕಿಲ್ಲ.

"ಹಣ ಎಲ್ಲಿದೆ" ಅನ್ನುವವರಿಗೆ ಮೊದಲು ಮಾಡಬಹುದಾದ ಅಗ್ಗದ ಕೆಲಸಗಳು ಇಲ್ಲಿವೆ.

ಒಂದು, ಲೆಕ್ಕ ಇಡುವುದು. ಶುದ್ಧೀಕರಣ ಘಟಕಕ್ಕೆ ಒಣ ದಿನ ಎಷ್ಟು ನೀರು ಬರುತ್ತದೆ, ಮಳೆ ದಿನ ಎಷ್ಟು? ಈ ಎರಡು ಅಂಕಿ ಸಾಕು, ಎಷ್ಟು ಮಳೆನೀರು ಕದ್ದು ಸೇರುತ್ತಿದೆ ಎಂದು ಗೊತ್ತಾಗುತ್ತದೆ.

ಎರಡು, ಹುಡುಕುವುದು. ಒಳಚರಂಡಿಗೆ ಹಾನಿಯಿಲ್ಲದ ಹೊಗೆ ಬಿಟ್ಟರೆ ಯಾವ ಮಾಳಿಗೆ ಪೈಪಿನಿಂದ ಹೊಗೆ ಬರುತ್ತದೋ ಆ ಮನೆಯ ಪೈಪು ಚೇಂಬರಿಗೆ ಸೇರಿದೆ ಅಂತ. ಒಂದು ವಾರ್ಡಿಗೆ ಕೆಲವು ದಿನದ ಕೆಲಸ. ಹುಡುಕಿದ ಮೇಲೆ ದಂಡದ ನೋಟಿಸ್ ಮೊದಲಲ್ಲ. ಗಟಾರ ಮೊದಲು, ಗಡುವು ನಂತರ, ದಂಡ ಕೊನೆಗೆ.

ಮೂರು, ತಗ್ಗಿನ ಮನೆಗಳಿಗೆ ಹಿಂದಕ್ಕೆ ನೀರು ಬಿಡದ ವಾಲ್ವ್. ಕೊಳವೆ ಬಾವಿ ಇದ್ದವರಿಗೆಲ್ಲ ಎನ್‌ಆರ್‌ವಿ ಗೊತ್ತು, ಅದರದೇ ದೊಡ್ಡ ತಮ್ಮ ಇದು. ಉಸುಕಿನ ಚೀಲದ ಬದಲು ಪಾಲಿಕೆಯೇ ಹಾಕಿಸಿಕೊಡಲಿ.

ನಾಲ್ಕು, ಮೇ ತಿಂಗಳಲ್ಲಿ ಹೂಳೆತ್ತಿ ಅದೇ ದಿನ ಸಾಗಿಸುವುದು. ಗಟಾರದ ಹೂಳನ್ನು ಗಟಾರದ ದಂಡೆಯ ಮೇಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ವಾಪಸ್ ಒಳಗೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಆಗಸ್ಟ್ ಕೊನೆಗೆ ಇನ್ನೊಂದು ಸುತ್ತು ಬೇಕು. 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ್ದು. 2020ರಲ್ಲಿ ಭೀಮೆ ಉಕ್ಕಿದ್ದು ಅಕ್ಟೋಬರ್‌ನಲ್ಲಿ. ಜೂನ್‌ಗೆ ಸಿದ್ಧವಾಗಿ ಸೆಪ್ಟೆಂಬರ್‌ಗೆ ಮಲಗುವ ಆಡಳಿತ ಬೇರೆ ಊರಿನ ಪಂಚಾಂಗ ನೋಡುತ್ತಿದೆ.

ಐದು, ಪಂಪ್ ಹೌಸ್‌ಗಳಿಗೆ ಡೀಸೆಲ್ ಜನರೇಟರ್, ಮತ್ತು ಅದರಲ್ಲಿ ಡೀಸೆಲ್.

ಆರು, ಜೆಟ್ಟಿಂಗ್ ಮಷಿನ್ ಇಲ್ಲದೆ ಯಾವ ಚೇಂಬರಿನ ಮುಚ್ಚಳವನ್ನೂ ತೆಗೆಯದಿರುವುದು. ಇದು ಖರ್ಚಿನ ಮಾತಲ್ಲ, ಕಾನೂನಿನ ಮಾತು.

ಇದರಲ್ಲಿ ನಮ್ಮ ಪಾಲೂ ಇದೆ. ಹತ್ತು ರೂಪಾಯಿ ಶುಲ್ಕ, 150 ಪದದೊಳಗೆ ಒಂದೇ ವಿಷಯ: ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಇಷ್ಟು ಸಾಕು. "ಕಳೆದ ಸೆಪ್ಟೆಂಬರ್‌ನಲ್ಲಿ ಶುದ್ಧೀಕರಣ ಘಟಕಕ್ಕೆ ದಿನವಾರು ಬಂದ ನೀರಿನ ಪ್ರಮಾಣ ಕೊಡಿ" ಅಂತ ಕೇಳಿ. ಅಂಕಿ ಬಂದರೆ ಅದನ್ನು ಆ ದಿನಗಳ ಮಳೆಯ ಜೊತೆ ಇಟ್ಟು ನೋಡಿ. ಅಂಕಿಯೇ ಇಟ್ಟಿಲ್ಲ ಅಂತ ಉತ್ತರ ಬಂದರೆ ಅದೂ ಒಂದು ಸುದ್ದಿ. ತಿಕೋಟಾ, ಬಬಲೇಶ್ವರದವರು ಕೇಳಬೇಕಾದ್ದು ಬೇರೆ: ಸಕ್ಕಿಂಗ್ ಗಾಡಿ ಹೊಲಸು ಸುರಿಯಲು ಗೊತ್ತುಪಡಿಸಿದ ಜಾಗ ಯಾವುದು?

ಹೋದ ತಿಂಗಳು ಊರಿಗೆ ಹೋದಾಗ ನಾನೂ ಕಾಕಾನೂ ಸೇರಿ ಪ್ಲಂಬರ್ ಕರೆಸಿ ಆ ಮಾಳಿಗೆ ಪೈಪು ಕತ್ತರಿಸಿದೆವು. ಈಗ ಅದು ಅಂಗಳದ ಸಿಮೆಂಟ್ ತೊಟ್ಟಿಗೆ ಬೀಳುತ್ತದೆ. ತೊಟ್ಟಿ ತುಂಬಿದರೆ ರಸ್ತೆಗೆ. ಗಟಾರ ಇನ್ನೂ ಇಲ್ಲ. ಎದುರು ಮನೆಯವರು ಜಗಳಕ್ಕೆ ಬರಬಹುದು ಅಂದೆ.

"ಬರಲಿ ಬಿಡಪಾ" ಅಂದರು ಕಾಕಾ. "ಅವ್ರನ್ನೂ ಕರ್ಕೊಂಡ ಪಾಲಿಕಿಗೆ ಹೋಗೂಣು."

ಉಸುಕಿನ ಚೀಲ ಮಾತ್ರ ಕಾಕಿ ಬಿಸಾಡಲಿಲ್ಲ. ಉಳಿದ ಮನೆಗಳ ಪೈಪು ಇನ್ನೂ ಹಾಗೇ ಇವೆ.